ಕಪ್ಪ ಕೊಟ್ಟ ದೇಸಾಯಿ
(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಇಪ್ಪತ್ತೈದು ವರ್ಷ ಒಂದು ಸಂಘ ನಡೆಸೋದು ಸಣ್ಣ ಮಾತಲ್ಲ. ಅದರ ಲೆಕ್ಕಪತ್ರ, ಠೇವು, ಸಾಲ ವಸೂಲಿಯ ಬಗ್ಗೆ ಕಾರ್ಯದರ್ಶಿಗಳು ಈಗಾಗಲೇ ವರದಿ ಓದಿದ್ದಾರೆ. ನನಗೆ ಇತಿಹಾಸದ ವಿಷಯ ಮಾತಾಡ್ರಿ ಅಂತ ಹೇಳಿದರು. ಕಿತ್ತೂರಿನ ವಿಷಯ ಅಂದ ಕೂಡಲೇ ಎಲ್ಲರೂ ಚೆನ್ನಮ್ಮ ರಾಣಿಯ ಕಥೆ ಬರತೈತಿ ಅಂತ ತಿಳಕೊಂಡಿರಬೇಕು. 2024ಕ್ಕೆ ಆ ವಿಜಯಕ್ಕೆ ಎರಡು ನೂರು ವರ್ಷ ತುಂಬಿತು. ಅದಕ್ಕಿಂತ ಮೂರು ವರ್ಷ ಮೊದಲು, 2021ರಲ್ಲಿ, ಮುಂಬೈ ಕರ್ನಾಟಕಕ್ಕೆ ಕಿತ್ತೂರು ಕರ್ನಾಟಕ ಅಂತ ಹೆಸರಿಟ್ಟರು. ರಾಣಿಯ ಬಗ್ಗೆ ನಮ್ಮ ಮಕ್ಕಳಿಗೂ ಬಾಯಿಪಾಠ ಐತಿ. ನಾನು ಇವತ್ತು ಆಕೆಯ ಗಂಡನ ವಿಷಯ ಹೇಳಬೇಕಂತ ಬಂದೇನಿ.

ಮಲ್ಲಸರ್ಜ ದೇಸಾಯಿ. ಆತನ ಹೆಸರು ಎತ್ತಿದರೆ ನಮ್ಮ ಮಂದಿ ಏನಂತಾರ? "ಆತ ಏನ್ ಮಾಡ್ಯಾನ್ರಿ? ಪೇಶ್ವೆಗೆ ಕಪ್ಪ ಕೊಟ್ಟ. ಹೆಂಡತಿ ಕಪ್ಪ ಕೊಡೂದಿಲ್ಲಂತ ಎದ್ದು ನಿಂತಳು." ಇಷ್ಟರಲ್ಲೇ ಮುಗಿಸಿಬಿಡತಾರ. ನಾನೂ ಸಾಲಿ ಕಲಿಯುವಾಗ ಹಾಗೇ ತಿಳಿದಿದ್ದೆ. ನಾಟಕದಾಗೂ ಆ ಪಾತ್ರಕ್ಕೆ ಎರಡು ಮಾತು ಕೊಟ್ಟು ಒಳಗ ಕಳಿಸತಾರ. ಆದರೆ ವಯಸ್ಸಾದಂತೆ, ಮನೆತನ ನಡೆಸೋದು, ಸಂಘ ನಡೆಸೋದು ಅಂದರೇನು ಅಂತ ಗೊತ್ತಾದ ಮೇಲೆ, ಆ ಮನುಷ್ಯನ ಬಗ್ಗೆ ನನ್ನ ಅಭಿಪ್ರಾಯ ಬದಲಾಯಿತು. ಪೂರ್ತಿ ಬದಲಾಗಿಲ್ಲ, ಅದನ್ನೂ ಮುಂದೆ ಹೇಳತೇನಿ.

ಮೊದಲು ಈ ಮನೆತನ ಇಲ್ಲಿಗೆ ಹೇಗೆ ಬಂತು ಅನ್ನೋದನ್ನ ನೋಡೋಣ. ಕಿತ್ತೂರ ದೇಸಾಯರು ಇಲ್ಲಿಯ ಮೂಲ ನಿವಾಸಿಗಳಲ್ಲ. ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿ ಎಂಬ ಇಬ್ಬರು ಅಣ್ಣ-ತಮ್ಮಂದಿರು ಸಾಗರ ಸೀಮೆಯಿಂದ ಬಂದವರು ಎಂದು ಹೇಳಿಕೆ. ಲಿಂಗಾಯತ ವ್ಯಾಪಾರಸ್ಥರು, ಸಾಹುಕಾರರು. ಹದಿನಾರನೆಯ ಶತಮಾನದ ಕೊನೆಗೆ, 1585ರ ಸುಮಾರಿಗೆ, ವಿಜಾಪುರ ಆದಿಲಶಾಹಿಯ ದಂಡಿನ ಜೊತೆ ಈ ಕಡೆ ಬಂದು ಸಂಪಗಾವಿಯಲ್ಲಿ ನೆಲೆನಿಂತರು. ಹೌದು, ನಮ್ಮ ಸಂಪಗಾವಿಯೇ. ಬೈಲಹೊಂಗಲ ತಾಲೂಕಿಗೆ ಹಿಂದೆ ಸಂಪಗಾವ ತಾಲೂಕು ಅಂತಲೇ ಹೆಸರಿತ್ತು, ಕಚೇರಿ ಮಾತ್ರ ಬೈಲಹೊಂಗಲದಲ್ಲಿ. ಅಣ್ಣ ಹಿರೇಮಲ್ಲ ಯುದ್ಧದಲ್ಲಿ ಶೌರ್ಯ ತೋರಿಸಿದ್ದಕ್ಕೆ ಸುಲ್ತಾನ ಅವನಿಗೆ "ಶಮ್ಶೇರ್ ಜಂಗ್ ಬಹಾದ್ದೂರ್" ಎಂಬ ಬಿರುದು ಮತ್ತು ಹುಬ್ಬಳ್ಳಿ ಪರಗಣೆಯ ಸರದೇಶಮುಖಿ ಕೊಟ್ಟ. ತಕ್ಕಡಿ ಹಿಡಿದು ಬಂದವನ ಕೈಯಾಗ ಕತ್ತಿ ಬಂತು.

ಸರದೇಶಮುಖಿ ಅಂದರೆ ಏನು ಅಂತ ಹುಡುಗರು ಕೇಳಬಹುದು. ಆಗ ರಾಜ ದೂರ ಇರತಿದ್ದ. ಊರೂರಿನ ಹುಟ್ಟುವಳಿ ನೋಡಿ, ಗೌಡ-ಕುಲಕರ್ಣಿಯರಿಂದ ಪಟ್ಟಿ ಎತ್ತಿಸಿ, ಅದರಲ್ಲಿ ತನ್ನ ಪಾಲು ಹಿಡಿದುಕೊಂಡು ಉಳಿದದ್ದನ್ನು ಮೇಲಕ್ಕೆ ಕಳಿಸುವ ಹಕ್ಕುದಾರನೇ ದೇಸಾಯಿ. ಸೀಮೆಯ ಬಂದೋಬಸ್ತೂ ಆತನದೇ. ಅದಕ್ಕೆ ಶೇತಸನದಿಗಳನ್ನು ಇಡತಿದ್ದ. ಅವರಿಗೆ ಸಂಬಳ ಇಲ್ಲ, ಉಣ್ಣಲಿಕ್ಕೆ ಹೊಲ ಕೊಡೋದು, ಕರೆದಾಗ ಹತಾರ ಹಿಡಿದು ಬರೋದು. ಸಂಗೊಳ್ಳಿ ರಾಯಣ್ಣ ಅಂಥ ಶೇತಸನದಿಯೇ. ದೇಸಾಯಿಯ ಬಲ ಅಂದರೆ ಈ ಹೊಲ ಮತ್ತು ಈ ಮಂದಿ. ಇವರನ್ನು ಕಳಕೊಂಡರೆ ದೇಸಗತಿ ಕಾಗದದ ಮೇಲಷ್ಟೇ.

ಮುಂದೆ ಅಲ್ಲಪ್ಪಗೌಡ ಸರದೇಸಾಯಿ (1660–1691) ಸಂಪಗಾವಿ ಬಿಟ್ಟು ಕಿತ್ತೂರಿಗೆ ಗಾದಿ ಒಯ್ದ. ಕಿತ್ತೂರ ಅರಮನೆಯಲ್ಲಿ ಧ್ರುವ ನಕ್ಷತ್ರ ನೋಡಲಿಕ್ಕೆ ಅಂತ ಗೋಡೆಯಲ್ಲಿ ಮಾಡಿದ ಕಿಂಡಿಯನ್ನು ನೀವೆಲ್ಲ ನೋಡೀರಿ. ಈ ಅಲ್ಲಪ್ಪಗೌಡನ ಕಾಲದಲ್ಲಿಯೇ, 1686ರಲ್ಲಿ, ಔರಂಗಜೇಬ ವಿಜಾಪುರ ತೆಗೆದುಕೊಂಡ. ಅಲ್ಲಿಂದ ಧಣಿ ಬದಲಾಗುವ ಆಟ ಶುರುವಾಯಿತು. ಎಣಿಸಿ ನೋಡ್ರಿ: ಆದಿಲಶಾಹಿ ಹೋಗಿ ಮೊಗಲರು, ಅವರ ಕೈಕೆಳಗೆ ಸವಣೂರ ನವಾಬ. 1747ರಲ್ಲಿ ಸವಣೂರ ನವಾಬ ಸೋತು ಈ ಭಾಗದ ಪರಗಣೆಗಳನ್ನು ಪೇಶ್ವೆಗೆ ಬಿಟ್ಟುಕೊಟ್ಟ. 1778ರಲ್ಲಿ ಹೈದರ ಅಲಿ ಕೃಷ್ಣಾ ನದಿಯವರೆಗೂ ಬಂದ. ಆಮೇಲೆ ಟಿಪ್ಪು, ಮತ್ತೆ ಪೇಶ್ವೆ, ಕೊನೆಗೆ ಕಂಪನಿ. ಒಂದು ಸಂಸ್ಥಾನ, ಇಷ್ಟು ಮಂದಿ ಧಣಿಗಳು. ಬ್ಯಾಂಕಿನ ಮ್ಯಾನೇಜರ ಬದಲಾದಾಗಲೇ ನಮಗೆ ಎಷ್ಟು ತ್ರಾಸ ಆಗತೈತಿ. ಇಲ್ಲಿ ಧಣಿ ಬದಲಾದರೆ ಹಳೇ ಧಣಿಗೆ ಕೊಟ್ಟ ಕಪ್ಪ ಲೆಕ್ಕಕ್ಕಿಲ್ಲ, ಹೊಸಬನಿಗೆ ಮತ್ತೆ ಕೊಡಬೇಕು. ಹಳಬ ತಿರುಗಿ ಬಂದರೆ, "ಅವನಿಗ್ಯಾಕ ಕೊಟ್ಟಿ?" ಅಂತ ದಂಡ.

ಇಂಥ ಹೊತ್ತಿನಾಗ, 1782ರಲ್ಲಿ, ವೀರಪ್ಪಗೌಡನ ನಂತರ ಮಲ್ಲಸರ್ಜ ಗಾದಿಗೆ ಬಂದ. ಕಿತ್ತೂರು ಎಲ್ಲಿ ಐತಿ ಅಂತ ನಕಾಶೆಯಲ್ಲಿ ನೋಡಬೇಕು. ಉತ್ತರಕ್ಕೆ ಪುಣೆಯ ದಾರಿ, ದಕ್ಷಿಣಕ್ಕೆ ಧಾರವಾಡ ಕೋಟೆ, ಅದರಾಚೆ ಶ್ರೀರಂಗಪಟ್ಟಣದ ದಾರಿ, ಪಶ್ಚಿಮಕ್ಕೆ ಘಟ್ಟ, ಗೋವೆ. ಮಲಪ್ರಭೆ ದಾಟುವ ಯಾವ ದಂಡೇ ಆಗಲಿ ನಮ್ಮ ಹೊಲ ತುಳಿದೇ ಹೋಗಬೇಕು. ಕರಿ ಮಣ್ಣಿನ ಬಿಳಿಜೋಳ, ಮೇವು, ಕುದುರೆಗೆ ಹುರುಳಿ, ಎಲ್ಲ ಇಲ್ಲಿ ಸಿಗತಿತ್ತು. ದಂಡಿನವರಿಗೆ ಇದಕ್ಕಿಂತ ಏನು ಬೇಕು?

1785ರಲ್ಲಿ ಟಿಪ್ಪುವಿನ ದಂಡು ಬಂತು. ಮೊದಲು ಜಗಳ ಹತ್ತಿದ್ದು ನರಗುಂದಕ್ಕೆ. ನರಗುಂದ ಮತ್ತು ರಾಮದುರ್ಗ ಎರಡೂ ಭಾವೆ ಮನೆತನದವು. ಟಿಪ್ಪು ಹೆಚ್ಚು ಖಂಡಣಿ ಕೇಳಿದ, ನರಗುಂದದ ವೆಂಕಟರಾವ ಪುಣೆಯವರು ಬರತಾರಂತ ನಂಬಿ ಕೊಡಲಿಲ್ಲ. ಪುಣೆಯ ದಂಡು ಬಂದರೂ ಕೆಲಸ ಆಗಲಿಲ್ಲ. ರಾಮದುರ್ಗ ಬಿತ್ತು, ನರಗುಂದ ಬಿತ್ತು, ವೆಂಕಟರಾವನನ್ನು ಸಂಸಾರ ಸಮೇತ ಹಿಡಿದು ಒಯ್ದರು. ಅದೇ ಬೀಸಿನಲ್ಲಿ ಕಿತ್ತೂರೂ ಹೋಯಿತು. ಮಲ್ಲಸರ್ಜನನ್ನು ಸೆರೆ ಹಿಡಿದು ಕಬ್ಬಾಳದುರ್ಗದಲ್ಲಿಟ್ಟರು. ಈಗಿನ ಕನಕಪುರದ ಕಡೆ ಇರುವ ಬೆಟ್ಟ ಅದು. ಅಲ್ಲಿ ಹೋದವನು ತಿರುಗಿ ಬರೋದಿಲ್ಲ ಅಂತ ಆಗಿನ ಕಾಲಕ್ಕೆ ಹೆಸರಾದ ಸೆರೆಮನೆ. ಗಾದಿಗೆ ಬಂದು ಮೂರು ವರ್ಷ ಆಗಿತ್ತು ಅಷ್ಟೇ.

ಆತ ಅಲ್ಲಿಂದ ತಪ್ಪಿಸಿಕೊಂಡು ಬಂದ. ಹೇಗೆ ಬಂದ ಅನ್ನೋದಕ್ಕೆ ಊರಿಗೊಂದು ಕಥೆ ಐತಿ. ಅವನ್ನೆಲ್ಲ ನಾನು ಹೇಳೋದಿಲ್ಲ, ಕಟ್ಟೆಯ ಮೇಲೆ ಕುಂತ ಹಿರಿಯರನ್ನ ಕೇಳ್ರಿ, ನನಗಿಂತ ಚಲೋ ಹೇಳತಾರ. ಆದರೆ ಒಂದು ಮಾತು ಯೋಚನೆ ಮಾಡಬೇಕು. ಕನಕಪುರದಿಂದ ಕಿತ್ತೂರಿಗೆ ಎಷ್ಟು ಹಾದಿ! ನಡುವೆ ಎಲ್ಲ ಶತ್ರುವಿನ ಠಾಣೆ. ಯಾರೋ ಅನ್ನ ಹಾಕಿರಬೇಕು, ಯಾರೋ ಮುಚ್ಚಿ ಇಟ್ಟಿರಬೇಕು, ಯಾರೋ ಹೊಳೆ ದಾಟಿಸಿರಬೇಕು. ಅವರ ಹೆಸರು ಯಾವ ದಫ್ತರದಲ್ಲೂ ಇಲ್ಲ.

1787ರ ತಹದ ಪ್ರಕಾರ ಟಿಪ್ಪು ಬಾದಾಮಿ, ನರಗುಂದ, ಕಿತ್ತೂರುಗಳನ್ನು ಮರಾಠರಿಗೆ ಬಿಡಬೇಕಾಯಿತು. ಆದರೂ ನಮ್ಮ ಕಡೆ ಶಾಂತಿ ಆಗಲಿಲ್ಲ. 1790ರ ಸೆಪ್ಟೆಂಬರದಿಂದ 1791ರ ಏಪ್ರಿಲ್‌ವರೆಗೆ ಪರಶುರಾಮಭಾವು ಪಟವರ್ಧನ ಧಾರವಾಡ ಕೋಟೆಗೆ ಮುತ್ತಿಗೆ ಹಾಕಿ ಕುಂತ. ಏಳು ತಿಂಗಳು! ಅಷ್ಟು ದಂಡಿಗೆ ಕಾಳು, ಮೇವು, ಕಟ್ಟಿಗೆ ಎಲ್ಲಿಂದ ಬಂತು ಅಂತ ಕೇಳಿಕೊಂಡರೆ ಉತ್ತರ ನಮ್ಮ ಅಜ್ಜ-ಮುತ್ತಜ್ಜರ ಹಗೇವಿನಲ್ಲಿ ಐತಿ.

1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ತೀರಿಕೊಂಡ. ಆಗ ಸೆರೆಯಿಂದ ಹೊರಬಿದ್ದವನು ಚನ್ನಗಿರಿಯ ಧೋಂಡಿಯಾ ವಾಘ. ಚದುರಿಹೋದ ಸಿಪಾಯಿಗಳನ್ನು ಕೂಡಿಸಿ ಉಭಯ ಲೋಕಕ್ಕೂ ತಾನೇ ಒಡೆಯ ಅಂತ ಹೇಳಿಕೊಂಡು ಹೊರಟ. 1800ರ ಮಳೆಗಾಲ ನಮ್ಮ ಸೀಮೆಯ ಇತಿಹಾಸದಲ್ಲಿ ಮರೆಯಲಾರದ್ದು. ಅದನ್ನು ಸ್ವಲ್ಪ ಬಿಡಿಸಿ ಹೇಳತೇನಿ, ಯಾಕಂದರೆ ಪಠ್ಯಪುಸ್ತಕದಾಗ ಇದು ಬರೋದಿಲ್ಲ.

ಜೂನ್ 30ಕ್ಕೆ ಕಿತ್ತೂರ ಸಮೀಪ ಪೇಶ್ವೆಯ ಸರದಾರ ಧೋಂಡೋಪಂತ ಗೋಖಲೆಯನ್ನು ಧೋಂಡಿಯಾ ಕೊಂದ. ಮುಂದೆ ಹೆಸರಾದ ಬಾಪು ಗೋಖಲೆ ಇವನ ಅಣ್ಣ-ತಮ್ಮಂದಿರ ಮಗ. ಅತ್ತ ದಕ್ಷಿಣದಿಂದ ಧೋಂಡಿಯಾನ ಬೆನ್ನು ಹತ್ತಿ ಬಂದವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ, ಅಂದರೆ 1815ರಲ್ಲಿ ವಾಟರ್ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಆ ವೆಲ್ಲಿಂಗ್ಟನ್ ದೊರೆಯೇ. ಆತ ನಮ್ಮ ಕೆಸರಿನಾಗ ತೋಪಿನ ಗಾಡಿ ಜಗ್ಗಿಸಿಕೊಂಡು ತಿರುಗಾಡಿದ. ಜುಲೈ 30ಕ್ಕೆ ಮುನವಳ್ಳಿಯ ಎದುರಿನ ದಂಡೆಗೆ ಧೋಂಡಿಯಾನ ಬೀಡಿನ ಮೇಲೆ ಬಿದ್ದ. ಮಲಪ್ರಭೆ ತುಂಬಿ ಹರಿಯುತ್ತಿತ್ತು. ಓಡಿಹೋಗುವ ಮಂದಿ, ಎತ್ತು, ಒಂಟೆ ಎಲ್ಲ ಹೊಳೆಗೆ ಬಿದ್ದು ಬಹಳ ಮಂದಿ ನೀರುಪಾಲಾದರು. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೋಗುವಾಗ ಮುನವಳ್ಳಿ ದಾಟುವ ನಮಗೆ ಅದು ಗೊತ್ತೇ ಇರೋದಿಲ್ಲ. ಹೊಳೆ ದಾಟಲಿಕ್ಕೆ ಸಂಗೊಳ್ಳಿಯಲ್ಲಿ ಹರಗೋಲು ಕಟ್ಟಿಸಿದ. ರಾಯಣ್ಣ ಆಗ ಎರಡು ವರ್ಷದ ಕೂಸು. ಸಪ್ಟೆಂಬರ 10ಕ್ಕೆ ನಿಜಾಮನ ಸೀಮೆಯ ಕೋಣಗಲ್ಲಿನಲ್ಲಿ ಧೋಂಡಿಯಾ ಸತ್ತ.

ಈಗ ಮಲ್ಲಸರ್ಜನ ಜಾಗದಲ್ಲಿ ನಿಂತು ನೋಡ್ರಿ. ಪೇಶ್ವೆಯ ಸರದಾರ ನಿಮ್ಮ ಬಾಗಿಲಲ್ಲೇ ಹೆಣವಾಗಿ ಬಿದ್ದಾನ. ಕೊಂದವನು ಸುತ್ತಲೇ ತಿರುಗತಾನ. ಅವನ ಬೆನ್ನಿಗೆ ಬಿಳಿ ದಂಡು. ಯಾರ ಕಡೆ ಹೋದರೂ ಇನ್ನಿಬ್ಬರು ಸುಡತಾರ. ಯಾರ ಕಡೆಗೂ ಹೋಗಲಿಲ್ಲ ಅಂದರೆ ಮೂವರೂ ಸುಡತಾರ. ಆತ ಏನು ಮಾಡಿದ? ಕೋಟೆಯ ಬಾಗಿಲು ಭದ್ರ ಮಾಡಿಕೊಂಡ, ವೆಲ್ಲೆಸ್ಲಿಯ ಜೊತೆ ಪತ್ರವ್ಯವಹಾರ ಇಟ್ಟುಕೊಂಡ, ಪುಣೆಯ ಸಂಬಂಧವನ್ನೂ ಕಡಿದುಕೊಳ್ಳಲಿಲ್ಲ. ಆ ವರ್ಷ ಕಿತ್ತೂರು ಉಳಿಯಿತು. ಇದಕ್ಕೆ ನಾಟಕದಾಗ ಚಪ್ಪಾಳೆ ಬೀಳೋದಿಲ್ಲ, ಖರೆ. ಆದರೆ ಆ ವರ್ಷದ ಹಿಂಗಾರಿ ಬಿತ್ತಿದವರು ಕೊಯ್ಲು ಮಾಡಿಕೊಂಡಿದ್ದರೆ ಅದಕ್ಕೆ ಆತನ ಈ ಲೆಕ್ಕಾಚಾರವೂ ಒಂದು ಕಾರಣ ಅಂತ ನಾನು ತಿಳಿದೇನಿ.

ಕಿತ್ತೂರಿಗೆ ಆಗ 286 ಊರುಗಳು, 72 ಮಜರೆಗಳು ಇದ್ದವು ಅಂತ ಹಳೆಯ ಲೆಕ್ಕ ಹೇಳತೈತಿ. ಮನೆತನದ ಸಂಬಂಧಗಳನ್ನೂ ಆತ ಇದೇ ವಿಚಾರದಿಂದ ಬೆಳೆಸಿದಂತೆ ಕಾಣತೈತಿ. ಹಿರಿಯ ರಾಣಿ ರುದ್ರಮ್ಮ ಸವದತ್ತಿ ಸೀಮೆಯ ತಲ್ಲೂರ ದೇಸಾಯರ ಮಗಳು. ಕಿರಿಯ ರಾಣಿ ಚೆನ್ನಮ್ಮ ಬೆಳಗಾವಿ ಹತ್ತಿರದ ಕಾಕತಿ ದೇಸಾಯಿ ಧೂಳಪ್ಪಗೌಡರ ಮಗಳು. ಪೂರ್ವಕ್ಕೊಂದು ಬೀಗತನ, ಉತ್ತರಕ್ಕೊಂದು ಬೀಗತನ. ಹುಲಿ ಬೇಟೆಯಲ್ಲಿ ಭೇಟಿಯಾದರು ಅಂತ ಕಥೆ ಕಟ್ಟಿದವರು ಕಟ್ಟಲಿ, ಅದರಾಗೂ ಒಂದು ಚಂದ ಐತಿ. ಆದರೆ ಬೀಗರ ಊರಿನ ದಿಕ್ಕು ನೋಡಿದರೆ ನನಗೆ ದೇಸಾಯಿಯ ತಲೆ ಕಾಣತೈತಿ.

ಇನ್ನು ಕಪ್ಪದ ವಿಷಯ. 1802ರ ಕೊನೆಗೆ ಬಾಜೀರಾವ ಪೇಶ್ವೆ ವಸಈಯಲ್ಲಿ ಇಂಗ್ಲೀಷರ ಜೊತೆ ತಹ ಮಾಡಿಕೊಂಡು ಅವರ ಬಲದಿಂದ ಗಾದಿಗೆ ತಿರುಗಿ ಬಂದಿದ್ದ. ಅವನಿಗೆ ರೊಕ್ಕ ಬೇಕಾಗಿತ್ತು. 1809ರಲ್ಲಿ ದೊಡ್ಡ ದಂಡು ಕಟ್ಟಿಕೊಂಡು ಕೃಷ್ಣಾ ದಂಡೆಯ ಯಡೂರಿಗೆ ಬಂದ. ಮಲ್ಲಸರ್ಜ ಅಲ್ಲಿಗೆ ಹೋಗಿ ಭೇಟಿಯಾದ. ವರ್ಷಕ್ಕೆ 1,75,000 ರೂಪಾಯಿ ಕಪ್ಪ ಕೊಡುವುದೆಂದು ಠರಾವು ಆಯಿತು. ಸಂಸ್ಥಾನ ಆತನ ಕೈಯಲ್ಲೇ ಉಳಿಯುವುದೆಂದು ಸನದು ಸಿಕ್ಕಿತು, ಜೊತೆಗೆ "ಪ್ರತಾಪರಾವ" ಎಂಬ ಬಿರುದು. ಬಿರುದಿನಿಂದ ಹೊಟ್ಟೆ ತುಂಬೋದಿಲ್ಲ. ಆದರೆ ಸನದು ಅಂದರೆ ಕಾಗದ, ಕಾಗದ ಅಂದರೆ ಹಕ್ಕು. ಪಹಣಿ ಪತ್ರಿಕೆಯಲ್ಲಿ ಹೆಸರು ಹಚ್ಚಿಸಲಿಕ್ಕೆ ತಾಲೂಕ ಕಚೇರಿಗೆ ಅಲೆದವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ನನ್ನ ತಕರಾರು ಒಂದು ಐತಿ, ಮೊದಲೇ ಹೇಳಿದ್ದೆ. ಒಂದು ಲಕ್ಷ ಎಪ್ಪತ್ತೈದು ಸಾವಿರ ರೂಪಾಯಿ ಯಾರ ಕಿಸೆಯಿಂದ ಹೋಯಿತು? ದೇಸಾಯಿ ಉಳಿಮೆ ಮಾಡಿ ಗಳಿಸಿದ್ದಲ್ಲ. ಹೊಲದಲ್ಲಿ ದುಡಿದ ಒಕ್ಕಲಿಗನ ರಾಶಿಯಿಂದ, ನೇಕಾರನ ಮಗ್ಗದಿಂದ, ಸಂತೆಯ ಸುಂಕದಿಂದ ಹೋದದ್ದು. ಆತ ಜಾಣತನದಿಂದ ದಂಡಿನ ತುಳಿತ ತಪ್ಪಿಸಿದ, ಒಪ್ಪಿಕೊಳ್ಳೋಣ. ಆದರೆ ಆ ಜಾಣತನದ ಬೆಲೆಯನ್ನು ವರ್ಷಾ ವರ್ಷ ಕೊಟ್ಟವರು ನಮ್ಮ ಹಿರಿಯರು. ದಂಡು ಬಂದು ಸುಲಿದರೆ ಒಂದೇ ಸಲ ಎಲ್ಲ ಹೋಗತೈತಿ, ಕಪ್ಪ ಅಂದರೆ ಪ್ರತಿ ಸುಗ್ಗಿಗೂ ಸ್ವಲ್ಪ ಸ್ವಲ್ಪ ಹೋಗತೈತಿ. ಎರಡರಲ್ಲಿ ಯಾವುದು ವಾಸಿ? ಸಾಲ ಮಾಡಿದವರನ್ನ ಕೇಳ್ರಿ ಅಂತ ನಾನು ನಗಚಾಟಿಕೆಗೆ ಹೇಳಬಹುದು. ಆದರೆ ಇದು ನಗೋ ಮಾತಲ್ಲ. ಸಾಹುಕಾರನ ಬಡ್ಡಿಯ ಕುಣಿಕೆಯಿಂದ ರೈತನನ್ನು ಬಿಡಿಸಲಿಕ್ಕೆ ಅಂತಲೇ 1905ರಲ್ಲಿ ಗದಗ ಕಡೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ತೆಗೆದದ್ದು. ಯಡೂರಿನ ಠರಾವಿಗೂ ಕಣಗಿನಹಾಳಕ್ಕೂ ನಡುವೆ ತೊಂಬತ್ತಾರು ವರ್ಷ. ಅಷ್ಟು ಕಾಲ ಒಕ್ಕಲಿಗ ಒಬ್ಬನಿಗಲ್ಲ ಒಬ್ಬನಿಗೆ ಕೊಡುತ್ತಲೇ ಇದ್ದ.

ಕೊಟ್ಟರೂ ಪೇಶ್ವೆಗೆ ಸಮಾಧಾನ ಆಗಲಿಲ್ಲ. ಮಲ್ಲಸರ್ಜನನ್ನು ಪುಣೆಗೆ ಕರೆಸಿಕೊಂಡು ಅಲ್ಲಿಯೇ ಇಟ್ಟುಕೊಂಡ. ಕರೆದದ್ದು ಗೌರವದಿಂದ, ಇಟ್ಟದ್ದು ಸೆರೆಯಲ್ಲಿ. ಸುಮಾರು ಮೂರು ವರ್ಷ ಆತ ಪುಣೆಯಲ್ಲಿ ಕೊಳೆತ. ಹರೆಯದಲ್ಲಿ ದಕ್ಷಿಣದ ಸೆರೆ ಕಂಡವನು ಇಳಿವಯಸ್ಸಿನಲ್ಲಿ ಉತ್ತರದ ಸೆರೆ ಕಂಡ. ಈ ಸಲ ತಪ್ಪಿಸಿಕೊಂಡು ಓಡುವ ಕಸುವು ಇರಲಿಲ್ಲ, ಓಡಿದರೆ ಸನದಿಗೂ ಕುತ್ತು. ದೇಹ ಪೂರ್ತಿ ಕೆಟ್ಟ ಮೇಲೆ ಬಿಟ್ಟರು. ತಿರುಗಿ ಬರುವ ಹೊತ್ತಿಗೇ ಆಯುಷ್ಯ ಮುಗಿದಿತ್ತು, 1816ರಲ್ಲಿ ತೀರಿಕೊಂಡ. ಮೂವತ್ನಾಲ್ಕು ವರ್ಷದ ಆಳಿಕೆ. ಅದರಲ್ಲಿ ಎಷ್ಟು ವರ್ಷ ತನ್ನ ಮನೆಯ ಪಡಸಾಲೆಯಲ್ಲಿ ನಿಶ್ಚಿಂತೆಯಿಂದ ಕುಂತಿದ್ದನೋ!

ಮಗ ಶಿವಲಿಂಗರುದ್ರಸರ್ಜ ತಂದೆಗಾದ ಗತಿ ನೋಡಿದ್ದ. 1818ರಲ್ಲಿ ಥಾಮಸ್ ಮನ್ರೋ ಬೆಳಗಾವಿ ಕೋಟೆಗೆ ಮುತ್ತಿಗೆ ಹಾಕಿದಾಗ ಪೇಶ್ವೆಯ ವಿರುದ್ಧ ಇಂಗ್ಲೀಷರಿಗೆ ನೆರವಾದ. ಏಪ್ರಿಲ್ 10ಕ್ಕೆ ಕೋಟೆ ಬಿತ್ತು. ಕಂಪನಿಯವರು ಸನದು ಕೊಟ್ಟರು. ಇದನ್ನು ದ್ರೋಹ ಅಂತ ಈಗ ಬರೆಯೋದು ಸುಲಭ. ಅಪ್ಪನನ್ನು ಕೊಂದವರ ಕೋಟೆ ಬೀಳೋದನ್ನು ಮಗ ನೋಡಿದ, ಅಷ್ಟೇ. ರಾಮದುರ್ಗದವರೂ ಕಂಪನಿಯ ಆಶ್ರಯಕ್ಕೆ ಹೋದರು. ಅವರ ಸಂಸ್ಥಾನ 1948ರವರೆಗೆ ನಡೆಯಿತು. ಕಿತ್ತೂರಿಗೆ ಸಿಕ್ಕದ್ದು ಆರು ವರ್ಷ. ಒಂದೇ ಧಣಿ, ಒಂದೇ ಕಾಲ, ಒಬ್ಬರಿಗೊಂದು ಒಬ್ಬರಿಗೊಂದು.

1824ರ ಸಪ್ಟೆಂಬರ 11ಕ್ಕೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ದತ್ತಕವನ್ನು ಒಪ್ಪದೆ ಧಾರವಾಡದ ಕಲೆಕ್ಟರ ಥ್ಯಾಕರೆ ಬಂದು ಮೊದಲು ಮಾಡಿದ ಕೆಲಸ ಖಜಾನೆಗೆ ಸೀಲು ಹಾಕಿದ್ದು. ಕಿತ್ತೂರು ಬಿದ್ದ ಮೇಲೆ ಆ ಖಜಾನೆಯಲ್ಲಿ ಹದಿನಾರು ಲಕ್ಷ ರೂಪಾಯಿ ನಗದು, ನಾಲ್ಕು ಲಕ್ಷದ ಒಡವೆ ಸಿಕ್ಕವು ಅಂತ ಅವರ ಲೆಕ್ಕದಲ್ಲೇ ಐತಿ. ಇಷ್ಟು ಕಪ್ಪ ಕೊಟ್ಟು, ಇಷ್ಟು ಸಲ ಸೂರೆಹೋಗಿ, ಎರಡು ಸಲ ಸೆರೆ ಅನುಭವಿಸಿದ ಮನೆತನದಲ್ಲಿ ಇನ್ನೂ ಅಷ್ಟು ಗಂಟು ಉಳಿದಿತ್ತು! ಸಂಪಗಾವಿಗೆ ತಕ್ಕಡಿ ಹಿಡಿದು ಬಂದ ಅಣ್ಣ-ತಮ್ಮಂದಿರ ರಕ್ತ ಅದು. ಆದರೆ ಆ ಗಂಟೇ ಕಣ್ಣು ಕುಕ್ಕಿತೋ ಏನೋ.

ಗಂಡ ಯಡೂರಿಗೆ ಹೋಗುವಾಗ, ಪುಣೆಗೆ ಹೋಗುವಾಗ, ಹೆಣದಂತೆ ತಿರುಗಿ ಬಂದಾಗ ಚೆನ್ನಮ್ಮ ಆ ಮನೆಯಲ್ಲೇ ಇದ್ದಳು. 1816ಕ್ಕೆ ಆಕೆಗೆ ಮೂವತ್ತೆಂಟರ ಸುಮಾರು. ಸನದು ಅಂದರೇನು, ತಹ ಅಂದರೇನು, ದೊಡ್ಡವರ ಮಾತು ಎಷ್ಟು ದಿನ ನಿಲ್ಲತೈತಿ, ಎಲ್ಲ ನೋಡಿದ್ದಳು. ಅದಕ್ಕೇ ಆಕೆ ಮೊದಲು ಕತ್ತಿ ಎತ್ತಲಿಲ್ಲ, ಲೇಖನಿ ಎತ್ತಿದಳು. ಕಮಿಶನರ ಚಾಪ್ಲಿನ್ನನಿಗೆ, ಮುಂಬಯಿ ಗವರ್ನರ ಎಲ್ಫಿನ್‌ಸ್ಟನ್ನನಿಗೆ ಬರೆದಳು, ದತ್ತಕ ಮಾನ್ಯ ಮಾಡ್ರಿ ಅಂತ. ಗಂಡ ಬದುಕಿದ್ದರೆ ಆತನೂ ಹಾಗೇ ಬರೆಯುತ್ತಿದ್ದ. ಅದರಿಂದ ಕೆಲಸ ಆಗಲಿಲ್ಲ. ಅಕ್ಟೋಬರ 23ಕ್ಕೆ ಥ್ಯಾಕರೆ ತೋಪುಗಳನ್ನು ಕೋಟೆಯ ಬಾಗಿಲಿಗೆ ತಂದು ನಿಲ್ಲಿಸಿದ.

ಅಲ್ಲಿಂದ ಮುಂದಿನದು ನಿಮಗೆಲ್ಲ ಗೊತ್ತಿದ್ದದ್ದೇ. ಊಟಕ್ಕೆ ಹೊತ್ತಾಗೇತಿ, ಒಳಗ ಹುಗ್ಗಿ ಆರತೈತಿ ಅಂತ ಕಾರ್ಯದರ್ಶಿಗಳು ಕೈ ಮಾಡಾಕತ್ತಾರ.